ತಮ್ಮನ್ನು ನೋಡಿ ತಾವೇ ನಗುವವರ ಹಾಡು

ಪತ್ರ: ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತದ ಬಗ್ಗೆ ನಿಮ್ಮ ಲೇಖನ ಓದಿದೆ. ಹಾಡುಗಾರ ಹ್ಯಾಂಕ್ ವಿಲಿಯಮ್ಸ್‌ನ ದುಃಖದ ಹಾಡುಗಳೆಂದರೆ ನನಗೆ ಪ್ರಾಣ. ಆದರೆ ಕುಡಿತ, ಟ್ರಕ್, ರೈಲು ಅಂತ ತಮ್ಮನ್ನೇ ಗೇಲಿ ಮಾಡಿಕೊಳ್ಳುವ ಹಾಡುಗಳಿಗೆ ಅಷ್ಟು ಜಾಗ ಯಾಕೆ? ತಮ್ಮ ಸಂಗೀತಕ್ಕೆ ತಾವೇ ಬೆಲೆ ಕೊಡದವರನ್ನು ನಾವೇಕೆ ಗಂಭೀರವಾಗಿ ಕೇಳಬೇಕು?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. 1969ರಲ್ಲಿ ಶುರುವಾದ, ಕಂಟ್ರಿ ಹಾಡು-ಹಾಸ್ಯದ ‘ಹೀ ಹಾ’ ಟಿವಿ ಕಾರ್ಯಕ್ರಮ ಜೋಳದ ಹೊಲದ ಸೆಟ್ ಹಾಕಿ, ಹಳ್ಳಿಯವರೆಂದರೆ ಪೆದ್ದರು ಅನ್ನೋ ಚಿತ್ರವನ್ನು ಮನೆಮನೆಗೆ ಮುಟ್ಟಿಸಿತು. ಅದು ನನಗೂ ಹಿಡಿಸದು. ಆದರೆ ಒಂದು ಕಾರ್ಯಕ್ರಮದ ಸಿಟ್ಟನ್ನು ಇಡೀ ಪರಂಪರೆಯ ಮೇಲೆ ತೀರಿಸಿಕೊಳ್ಳಬೇಡಿ.

ನೀವು ಮೆಚ್ಚುವ ಹ್ಯಾಂಕ್ ವಿಲಿಯಮ್ಸ್‌ನನ್ನೇ ತಗೊಳ್ಳಿ. 1953ರ ಜನವರಿ 1ರಂದು, ಬರೀ 29ನೇ ವಯಸ್ಸಿಗೆ ಅವನು ತೀರಿಕೊಂಡಾಗ ಅಂಗಡಿಯಲ್ಲಿದ್ದ ಅವನ ಹೊಸ ರೆಕಾರ್ಡ್ ಯಾವುದು ಗೊತ್ತೇ? ‘ಐ ವಿಲ್ ನೆವರ್ ಗೆಟ್ ಔಟ್ ಆಫ್ ದಿಸ್ ವರ್ಲ್ಡ್ ಅಲೈವ್’, ಅಂದರೆ ಈ ಲೋಕದಿಂದ ನಾನು ಜೀವಂತ ಹೊರಬೀಳುವವನಲ್ಲ ಅಂತ. ಅದು ಅಳುವ ಹಾಡಲ್ಲ, ತನ್ನ ಕೆಟ್ಟ ನಸೀಬನ್ನು ಒಂದೊಂದಾಗಿ ಎಣಿಸಿ ನಗಿಸುವ ಹಾಡು. ದೂರದ ಮಾವನೊಬ್ಬ ಆಸ್ತಿ ಬಿಟ್ಟು ಸಾಯುತ್ತಾನೆ. ಆ ದುಡ್ಡಿನಲ್ಲಿ ಇವನು ಮಜವಾಗಿ ಬದುಕುತ್ತಿರುವಾಗಲೇ ವಕೀಲ ಬಂದು, ಇವನು ಹುಟ್ಟಿದವನೇ ಅಲ್ಲ, ಮೊಟ್ಟೆಯೊಡೆದು ಬಂದವನು ಅಂತ ಸಾಬೀತು ಮಾಡಿಬಿಡುತ್ತಾನೆ. ನಿಮ್ಮನ್ನು ಅಳಿಸಿದ ಮನುಷ್ಯನೇ ಇದನ್ನೂ ಹಾಡಿದ್ದು. ಅರ್ಧ ಹ್ಯಾಂಕ್‌ನನ್ನು ಮಾತ್ರ ಪ್ರೀತಿಸಿದರೆ ಹೇಗೆ?

ಟ್ರಕ್ಕು, ರೈಲಿನ ವಿಷಯಕ್ಕೆ ಬರುತ್ತೇನೆ. ನಿಮ್ಮನ್ನು ಕೆಣಕಿದ್ದು ಸ್ಟೀವ್ ಗುಡ್‌ಮನ್ ಬರೆದ, 1975ರಲ್ಲಿ ಡೇವಿಡ್ ಆಲನ್ ಕೋ ಹಾಡಿದ ‘ಯೂ ನೆವರ್ ಈವನ್ ಕಾಲ್ಡ್ ಮಿ ಬೈ ಮೈ ನೇಮ್’ ಇರಬೇಕು. ಹಾಡಿನ ನಡುವೆ ಕೋ ಮಾತಿಗಿಳಿಯುತ್ತಾನೆ. ಗುಡ್‌ಮನ್ ಇದನ್ನು ಪರಿಪೂರ್ಣ ಕಂಟ್ರಿ ಹಾಡು ಅಂದನಂತೆ. ಅದು ಹೇಗಾಗುತ್ತೆ, ಇದರಲ್ಲಿ ಅಮ್ಮ ಇಲ್ಲ, ರೈಲಿಲ್ಲ, ಟ್ರಕ್ಕಿಲ್ಲ, ಜೈಲಿಲ್ಲ, ಕುಡಿತವಿಲ್ಲ ಅಂತ ಕೋ ವಾದ. ಆಗ ಗುಡ್‌ಮನ್ ಇನ್ನೊಂದು ಚರಣ ಸೇರಿಸುತ್ತಾನೆ. ಅಮ್ಮ ಜೈಲಿನಿಂದ ಬಿಡುಗಡೆಯಾದ ದಿನ ಮಗ ಕುಡಿದಿರುತ್ತಾನೆ. ಮಳೆಯಲ್ಲಿ ಪಿಕಪ್ ಟ್ರಕ್ ಹೊಡೆದುಕೊಂಡು ಸ್ಟೇಷನ್ನಿಗೆ ಹೊರಡುತ್ತಾನೆ. ಅವನು ಮುಟ್ಟುವ ಮೊದಲೇ ರೈಲು ಅಮ್ಮನ ಮೇಲೆ ಹರಿದುಹೋಗಿರುತ್ತದೆ. ಐದೂ ಬಂದವು, ನಾಲ್ಕೇ ಸಾಲಿನಲ್ಲಿ! ಹಾಡುತ್ತಿರುವವನು ಯಾರು? ಎಳೆ ವಯಸ್ಸಿನಿಂದ ಸುಧಾರಣಾ ಶಾಲೆ, ಜೈಲು ಅಂತ ಅಲೆದವನು. ಆ ಸಾಮಾನಿನ ತೂಕ ಗೊತ್ತಿದ್ದವನು. ಹೊರಗಿನವನು ಅದೇ ಮಾತಾಡಿದ್ದರೆ ಅಣಕವಾಗುತ್ತಿತ್ತು. ಇವನ ಬಾಯಲ್ಲಿ ಅದು ಪ್ರೀತಿ. ಜನ ಅದನ್ನು ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ಏರಿಸಿದರು.

ಜಾನಿ ಕ್ಯಾಶ್ 1969ರ ಫೆಬ್ರವರಿಯಲ್ಲಿ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಹಾಡಿದ ‘ಎ ಬಾಯ್ ನೇಮ್ಡ್ ಸ್ಯೂ’ ಕೇಳಿದ್ದೀರಾ? ಶೆಲ್ ಸಿಲ್ವರ್‌ಸ್ಟೀನ್ ಬರೆದದ್ದು. ಕ್ಯಾಶ್‌ಗೆ ಅದಿನ್ನೂ ಬಾಯಿಪಾಠ ಆಗಿರಲಿಲ್ಲ, ಹಾಳೆ ನೋಡಿಕೊಂಡೇ ಹಾಡಿದ. ಮನೆ ಬಿಟ್ಟು ಹೋಗುವ ಅಪ್ಪ ಮಗನಿಗೆ ಸ್ಯೂ ಅಂತ ಹುಡುಗಿಯ ಹೆಸರಿಡುತ್ತಾನೆ. ಊರವರ ನಗು, ಹೊಡೆದಾಟಗಳಲ್ಲಿ ಬೆಳೆದ ಮಗ ಕೊನೆಗೊಮ್ಮೆ ಅಪ್ಪನನ್ನು ಹುಡುಕಿ ಹಿಡಿಯುತ್ತಾನೆ. ಕೆಸರು, ರಕ್ತ, ಬಿಯರ್ ನಡುವೆ ಇಬ್ಬರೂ ಹೊಡೆದಾಡುತ್ತಾರೆ. ನಾನಿರುವುದಿಲ್ಲ ಅಂತ ಗೊತ್ತಿತ್ತು, ನೀನು ಗಟ್ಟಿಯಾಗಲಿ ಅಂತಲೇ ಆ ಹೆಸರಿಟ್ಟೆ ಅನ್ನುತ್ತಾನೆ ಅಪ್ಪ. ಅಲ್ಲಿ ಕೈದಿಗಳು ಹೋ ಎಂದು ನಗುವುದು ರೆಕಾರ್ಡಿನಲ್ಲೇ ಕೇಳುತ್ತದೆ. ಆ ನಗುವನ್ನು ಕಿವಿಗೊಟ್ಟು ಕೇಳಿ. ಅಪ್ಪ ಬಿಟ್ಟುಹೋದ ನೋವಿನ ಮೇಲೆ ಇದಕ್ಕಿಂತ ನಿಜವಾದ ಹಾಡು ನನಗಂತೂ ಸಿಕ್ಕಿಲ್ಲ.

ಕಂಟ್ರಿ ಸಂಗೀತ ಜಾಳಾಗಿದ್ದು ನಗುವುದನ್ನು ಮರೆತಾಗಲೇ. 2010ರ ನಂತರದ ವರ್ಷಗಳಲ್ಲಿ ಗಂಡು ಹಾಡುಗಾರರು ಅದೇ ಟ್ರಕ್, ಅದೇ ಬಿಯರ್, ಬರಿಗಾಲಿನ ಹುಡುಗಿಯನ್ನು ಒಂದಿಷ್ಟೂ ನಗದೆ ಹಾಡಿ ಹಾಡಿ ಬೇಸರ ತರಿಸಿದರು. ಆಗ ಅದಕ್ಕೆ ಉತ್ತರ ಕೊಟ್ಟದ್ದು ವಿಮರ್ಶಕರಲ್ಲ, ಮ್ಯಾಡಿ ಮತ್ತು ಟೇ ಎಂಬ ಎಳೆಯ ಹುಡುಗಿಯರು. 2014ರಲ್ಲಿ ‘ಗರ್ಲ್ ಇನ್ ಎ ಕಂಟ್ರಿ ಸಾಂಗ್’ ಅಂತ, ಆ ಹಾಡುಗಳೊಳಗಿನ ಹುಡುಗಿಯ ಬಾಯಿಂದಲೇ ಅವರನ್ನು ತರಾಟೆಗೆ ತೆಗೆದುಕೊಂಡರು. ಅದು ರೇಡಿಯೊ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಹೋಯಿತು. ಇದು ಬೆಲೆ ಕೊಡದವರು ಮಾಡುವ ಕೆಲಸವಾ, ನೀವೇ ಹೇಳಿ?

ನಿಮ್ಮ ಮೇಲೆ ನನಗೆ ಕೋಪವಿಲ್ಲ. ಹ್ಯಾಂಕ್‌ಗಾಗಿ ಪೆನ್ನು ಹಿಡಿಯುವ ಓದುಗರು ಎಷ್ಟು ಜನ ಇದ್ದಾರೆ? ಆದರೆ ಈ ಅಭ್ಯಾಸ ನಮ್ಮಲ್ಲಿ ಜಾಸ್ತಿಯಾಗಿದೆ. ಅಳಿಸಿದರೆ ಕಲೆ, ನಗಿಸಿದರೆ ಕಾಲಕ್ಷೇಪ. ನಾವು ಪತ್ರಿಕೆಯವರೂ ಅದನ್ನೇ ಬೆಳೆಸಿದೆವು. ಸಾವು, ವಿರಹಕ್ಕೆ ಮುಂದಿನ ಪುಟ, ನಗೆಬರಹಕ್ಕೆ ಜಾಹೀರಾತು ಬಿಟ್ಟು ಉಳಿದ ಮೂಲೆ. ಸಭೆಗಳಲ್ಲೂ ಅಷ್ಟೇ, ಹಾಸ್ಯ ಬರೆಯುವವರನ್ನು ಕೊನೆಗೆ ಐದು ನಿಮಿಷ ಮಾತಾಡಿ ಅಂತ ಕರೆಯುತ್ತಾರೆ. ಕುಡುಕ ಗಂಡ ತನ್ನನ್ನೇ ಬೈದುಕೊಳ್ಳುವ ‘ಡ್ಯಾಂಗ್ ಮಿ’ ಹಾಡಿದ ರೋಜರ್ ಮಿಲ್ಲರ್‌ಗೆ 1965, 1966 ಎರಡೇ ವರ್ಷದಲ್ಲಿ 11 ಗ್ರ್ಯಾಮಿ ಸಂಗೀತ ಪ್ರಶಸ್ತಿಗಳು ಬಂದವು. ನಮ್ಮ ಪ್ರಶಸ್ತಿ ಸಮಿತಿಗಳಿಗೆ ಅಂಥ ಎದೆಗಾರಿಕೆ ಎಲ್ಲಿದೆ?

ಮುಂದಿನ ಸಂಚಿಕೆಗೆ ಮಿಲ್ಲರ್ ಬಗ್ಗೆಯೇ ದೊಡ್ಡ ಲೇಖನ ಬರೆಸುತ್ತಿದ್ದೇನೆ. ಮೊದಲ ಪುಟಗಳಲ್ಲೇ ಬರುತ್ತದೆ. ಓದಿ, ಮತ್ತೆ ಬರೆಯಿರಿ.

– ಸಂಪಾದಕ