ಓದುಗರ ಪ್ರಶ್ನೆ: ಅಮೆರಿಕದ ಅಂತರ್ಯುದ್ಧ, ಬಿಡುಗಡೆ ಮತ್ತು ಉಪ್ಪಿನ ಬರ

ಪ್ರಶ್ನೆ: ಲಿಂಕನ್ 1863ರ ಜನವರಿ 1ರಂದೇ ಗುಲಾಮರನ್ನು ಬಿಡುಗಡೆ ಮಾಡಿದರೆಂದು ಓದಿದ್ದೇವೆ. ಮತ್ತೆ ಅಮೆರಿಕದವರು ಜೂನ್ 19ನ್ನು ಆಚರಿಸುವುದೇಕೆ?
– ಓದುಗರು, ಶಿವಮೊಗ್ಗ

ಉತ್ತರ: ಜನವರಿ 1ರ ಘೋಷಣೆ ಒಕ್ಕೂಟದ ವಿರುದ್ಧ ಬಂಡೆದ್ದ ದಕ್ಷಿಣದ ರಾಜ್ಯಗಳಿಗೆ ಮಾತ್ರ. ಒಕ್ಕೂಟದಲ್ಲೇ ಉಳಿದಿದ್ದ ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲವೇರ್‌ಗಳಿಗೆ ಅದು ತಾಗಲಿಲ್ಲ. ಬಂಡೆದ್ದ ಕಡೆಯೂ ಉತ್ತರದ ಸೈನ್ಯ ಬರುವತನಕ ಒಡೆಯ ಹೇಳಿದ್ದೇ ಕಾನೂನು. ದೂರದ ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಉತ್ತರದ ಜನರಲ್ ಗ್ರೇಂಜರ್ ಆದೇಶ ಹೊರಡಿಸಿದ್ದು 1865ರ ಜೂನ್ 19ರಂದು; ದಕ್ಷಿಣದ ಸೇನಾಪತಿ ಲೀ ಶರಣಾಗಿ ಆಗಲೇ ಎರಡು ತಿಂಗಳು ಕಳೆದಿತ್ತು. ನೀವೆಲ್ಲ ಸ್ವತಂತ್ರರು ಎಂದ ಅದೇ ಆದೇಶ, ಇದ್ದಲ್ಲೇ ಇದ್ದು ಕೂಲಿಗೆ ದುಡಿಯಿರಿ ಎಂದೂ ಹೇಳಿತು. ಕೆಂಟಕಿ, ಡೆಲವೇರ್‌ಗಳಲ್ಲಿ ಗುಲಾಮಗಿರಿ ಅಳಿದದ್ದು ಆ ವರ್ಷದ ಡಿಸೆಂಬರ್‌ನಲ್ಲಿ, ಸಂವಿಧಾನದ 13ನೇ ತಿದ್ದುಪಡಿಯಿಂದ. ಅದರಲ್ಲೂ 'ಅಪರಾಧಕ್ಕೆ ಶಿಕ್ಷೆಯಾಗಿ' ಎಂಬ ವಿನಾಯಿತಿ ಉಳಿಯಿತು. ಕೈದಿಗಳನ್ನು ಗಣಿಗಳಿಗೂ ತೋಟಗಳಿಗೂ ಬಾಡಿಗೆಗೆ ಕೊಡುವ ಕ್ರೂರ ಪದ್ಧತಿಗೆ ಆ ಸಂದಿಯೇ ಸಾಕಾಯಿತು.

ಲಿಂಕನ್ನರ ಕಾಗದಕ್ಕಿಂತ ಮೊದಲೇ ಗುಲಾಮರು ತಾವಾಗಿ ಹೊರಟಿದ್ದರು. ಇದನ್ನು ನಮ್ಮ ಪಠ್ಯಗಳು ಹೇಳಲೇಬೇಕು. 1861ರ ಮೇ ತಿಂಗಳಲ್ಲಿ ಮೂವರು ದೋಣಿಯಲ್ಲಿ ತಪ್ಪಿಸಿಕೊಂಡು ವರ್ಜೀನಿಯಾದಲ್ಲಿ ಉತ್ತರದ ಸೈನ್ಯದ ಕೈಯಲ್ಲಿದ್ದ ಮನ್ರೋ ಕೋಟೆ ಸೇರಿದರು. ಒಡೆಯ ಅವರಿಂದ ದಕ್ಷಿಣದ ಸೈನ್ಯಕ್ಕೆ ಫಿರಂಗಿ ದಿಬ್ಬ ಕಟ್ಟಿಸುತ್ತಿದ್ದ. ಹಾಗಾಗಿ ಅವರು 'ಯುದ್ಧದಲ್ಲಿ ವಶವಾದ ಸೊತ್ತು', ಹಿಂದಿರುಗಿಸುವುದಿಲ್ಲ ಎಂದ ಕೋಟೆಯ ಸೇನಾಧಿಕಾರಿ ಬಟ್ಲರ್. ಸೊತ್ತು ಎಂಬ ಮಾತು ಅವಮಾನದ್ದೇ, ಆದರೆ ಬಾಗಿಲು ತೆರೆಯಿತು. ಸುದ್ದಿ ಹಬ್ಬಿ ಹೆಂಗಸರು ಮಕ್ಕಳೊಂದಿಗೆ ಸಂಸಾರಗಳೇ ಆ ಕೋಟೆಗೆ ನಡೆದು ಬಂದವು.

ಪ್ರಶ್ನೆ: ಯುದ್ಧಕಾಲದಲ್ಲಿ ದಕ್ಷಿಣದ ಮನೆಗಳಲ್ಲಿ ಯಾವುದಕ್ಕೆ ಹೆಚ್ಚು ಕೊರತೆಯಿತ್ತು?
– ಓದುಗರು, ಚಿತ್ರದುರ್ಗ

ಉತ್ತರ: ಉಪ್ಪಿಗೆ. ಚಳಿಗಾಲದಲ್ಲಿ ಕಡಿದ ಹಂದಿಯ ಮಾಂಸಕ್ಕೆ ಉಪ್ಪು ತಿಕ್ಕಿ, ಹೊಗೆ ಹಾಕಿ ವರ್ಷವಿಡೀ ಇಡುತ್ತಿದ್ದರು. ಉತ್ತರದ ನೌಕಾಪಡೆ ಬಂದರುಗಳನ್ನು ಮುಚ್ಚಿದ್ದೇ ಹೊರಗಿನ ಉಪ್ಪು ಬರುವುದು ಬಹುಮಟ್ಟಿಗೆ ನಿಂತಿತು. ಆಗ ಜನ ಹೊಗೆಕೋಣೆಯ ನೆಲವನ್ನೇ ಅಗೆದರು. ವರ್ಷಗಟ್ಟಲೆ ತೊಟ್ಟಿಕ್ಕಿದ ಉಪ್ಪುನೀರು ಆ ಮಣ್ಣಿನಲ್ಲಿತ್ತು. ಮಣ್ಣನ್ನು ತಳದಲ್ಲಿ ತೂತಿರುವ ಪೀಪಾಯಿಗೆ ತುಂಬಿ, ಮೇಲಿಂದ ನೀರು ಹನಿಸಿ, ಕೆಳಗಿಳಿದದ್ದನ್ನು ಕುದಿಸಿ, ನೊರೆ ತೆಗೆದು ಬತ್ತಿಸುವುದು. ನಮ್ಮ ಉಪ್ಪಾರರು ಸವುಳು ಮಣ್ಣು ತೊಳೆದು ಉಪ್ಪು ತೆಗೆಯುತ್ತಿದ್ದ ವಿದ್ಯೆಯೂ ಇದೇ ಬಗೆಯದು. ಸಿಗುತ್ತಿದ್ದದ್ದು ಕಂದುಬಣ್ಣದ ಕೊಳಕು ಉಪ್ಪು. ಅದನ್ನೂ ಜಿಪುಣತನದಿಂದ ಹಚ್ಚಿದರೆ, ಅಥವಾ ನಡುವೆ ಬೆಚ್ಚನೆ ದಿನಗಳು ಬಂದರೆ, ಉಪ್ಪು ಮೂಳೆ ಮುಟ್ಟುವ ಮೊದಲೇ ಒಳಗಿನ ಮಾಂಸ ಕೊಳೆಯುತ್ತಿತ್ತು.

ಕಾಫಿಗೆ ಬದಲು ಬೆಂಡೆಬೀಜ, ಇಲ್ಲವೇ ಗೆಣಸಿನ ಒಣಚೂರು ಹುರಿದು ಪುಡಿ ಮಾಡುತ್ತಿದ್ದರು. ಬಣ್ಣ ಬರುತ್ತಿತ್ತು, ಕಾಫಿಯ ಚುರುಕು ಬರುತ್ತಿರಲಿಲ್ಲ. ದಕ್ಷಿಣದ ರಾಜಧಾನಿ ರಿಚ್ಮಂಡ್‌ನಲ್ಲಿ 1863ರ ಏಪ್ರಿಲ್ 2ರಂದು ಹಸಿದ ಹೆಂಗಸರು ಬೀದಿಗಿಳಿದು ಅಂಗಡಿಗಳಿಗೆ ನುಗ್ಗಿದರು.

ಪ್ರಶ್ನೆ: ಆ ಯುದ್ಧಕ್ಕೂ ಧಾರವಾಡದ ಹತ್ತಿಗೂ ನಂಟಿದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಇದೆ. ಧಾರವಾಡ ಸೀಮೆಗೆ ಅಮೆರಿಕನ್ ತಳಿ 1840ರ ದಶಕದಲ್ಲೇ ಬಂದಿತ್ತು. ಗುಲಾಮರು ಬೆಳೆದ ಹತ್ತಿ ಇಂಗ್ಲೆಂಡಿನ ಲ್ಯಾಂಕಶೈರ್‌ ಗಿರಣಿಗಳಿಗೆ ಹೋಗುವುದು ನಿಂತಾಗ ಇಲ್ಲಿನ ಅರಳೆಯ ಬೆಲೆ ಏರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದಕ್ಕೂ, ಕಾರವಾರ ಬಂದರಿನ ಮೂಲಕ ಹತ್ತಿ ಸಾಗಿಸುವ ಆಸೆ ಒಂದು ಕಾರಣ. ಬೆಲೆಯ ಜೊತೆ ಕಲಬೆರಕೆಯೂ ಏರಿತು; 1863ರಲ್ಲಿ ಮುಂಬಯಿ ಸರ್ಕಾರ ಹತ್ತಿಯ ಮೋಸ ತಡೆಯಲೆಂದೇ ಒಂದು ಕಾಯ್ದೆ ತಂದಿತು. ಯುದ್ಧ ಮುಗಿದ 1865ರಲ್ಲಿ ಬೆಲೆ ಕುಸಿಯಿತು.