ಹಿಂಡಿಗೆ ಟ್ಯಾನಿನ್ ಸೇರಿಸಿದ್ರೆ ಹಸುಗೆ ಪ್ರೋಟೀನ್ ಜಾಸ್ತಿ ಸಿಗುತ್ತಂತೆ, ಹೇಗೆ?
ಸಿಗುತ್ತೆ, ಆದ್ರೆ ಟ್ಯಾನಿನ್ ಹೊಸದಾಗಿ ಪ್ರೋಟೀನ್ ಏನೂ ಕೊಡಲ್ಲ, ಇರೋದು ಮೊದಲ ಹೊಟ್ಟೇಲೇ (ಹಸು ಹೊಟ್ಟೇಲಿ ನಾಲ್ಕು ಭಾಗ ಇರುತ್ತೆ) ಕರಗಿಹೋಗೋದನ್ನ ತಡೆಯುತ್ತೆ ಅಷ್ಟೇ.

ಹಸು ಕಡ್ಲೆಕಾಯಿ ಹಿಂಡಿ ತಿಂದಾಗ ಅದರ ಪ್ರೋಟೀನಿನ ಬಹುಪಾಲನ್ನ ಮೊದಲ ಹೊಟ್ಟೇಲಿರೋ ಸೂಕ್ಷ್ಮಜೀವಿಗಳು ಒಡೆದು ಅಮೋನಿಯಾ ಮಾಡ್ತವೆ, ಸ್ವಲ್ಪ ಅವೇ ಬಳಸ್ಕೊಂಡು ಬೆಳೀತವೆ, ಮಿಕ್ಕಿದ್ದು ರಕ್ತಕ್ಕೆ ಸೇರಿ ಲಿವರಲ್ಲಿ ಯೂರಿಯಾ ಆಗಿ ಹೆಚ್ಚಿಂದು ಗಂಜಲದಲ್ಲಿ ಹೋಗುತ್ತೆ, ಅಂದ್ರೆ ಹಿಂಡಿ ದುಡ್ಡು ಸೀದಾ ಮೋರಿಗೆ. ಟ್ಯಾನಿನ್ ಅಂದ್ರೆ ಹುಣಸೆ ಬೀಜದ ಸಿಪ್ಪೆ, ಜಾಲಿಕಾಯಿ ಇಂಥದ್ರಲ್ಲಿರೋ ಒಗರು ಅಂಶ, ಅದು ಪ್ರೋಟೀನಿಗೆ ಅಂಟ್ಕೊಳ್ಳುತ್ತೆ. ಮೊದಲ ಹೊಟ್ಟೇಲಿ ಪಿಎಚ್ ಸುಮಾರು 6ರಿಂದ 7, ಅಲ್ಲಿ ಹಿಡಿತ ಬಿಡಲ್ಲ, ಸೂಕ್ಷ್ಮಜೀವಿಗಳಿಗೂ ಅಷ್ಟು ಸುಲಭಕ್ಕೆ ಸಿಗಲ್ಲ. ನಾಲ್ಕನೇ ಹೊಟ್ಟೇಲಿ ಆಸಿಡ್ ಜಾಸ್ತಿ, ಪಿಎಚ್ 3ರ ಹತ್ರ ಇಳಿಯುತ್ತೆ, ಅಲ್ಲಿ ಟ್ಯಾನಿನ್ ಕೈಬಿಡುತ್ತೆ, ಪ್ರೋಟೀನ್ ಜೀರ್ಣ ಆಗಿ ಸಣ್ಣಕರುಳಲ್ಲಿ ಹಸುಗೇ ಸಿಗುತ್ತೆ.

ಪ್ರಮಾಣ ಮಾತ್ರ ಹುಷಾರು. ಮೇವಿನ ಒಣ ತೂಕದಲ್ಲಿ ಟ್ಯಾನಿನ್ 2ರಿಂದ 4% ಇದ್ರೆ ಸಾಮಾನ್ಯವಾಗಿ ಪರವಾಗಿಲ್ಲ, 5% ದಾಟಿದ್ರೆ ಒಗರಿಗೆ ಹಸು ತಿನ್ನೋದೇ ಕಮ್ಮಿ ಮಾಡುತ್ತೆ, ಹಿಡಿತ ಬಿಡದ ಪ್ರೋಟೀನ್ ಸಗಣೀಲೂ ಹೋಗುತ್ತೆ. ಇನ್ನು ಬರೀ ಒಣಹುಲ್ಲು ತಿನ್ನೋ ಹಸುಗೆ ಇದನ್ನ ಹಾಕೋದು ವೇಸ್ಟ್, ಕಾಪಾಡೋಕೆ ಅಲ್ಲಿ ಅಷ್ಟಾಗಿ ಪ್ರೋಟೀನೇ ಇರಲ್ಲ.