ತವರಿನಿಂದ ಮರಳಿದ ಮೇಲೆ ಮತ್ತೆ ಸಿಗರೇಟು

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಈ ತಾಯಿ, ಗರ್ಭಿಣಿಯೆಂದು ತಿಳಿದ ದಿನವೇ ಸಿಗರೇಟು ಬಿಟ್ಟಿದ್ದರು. ತವರಿನಲ್ಲಿ ಬಾಣಂತನ ಮುಗಿಯುವವರೆಗೂ ಅದನ್ನು ಮುಟ್ಟಿರಲಿಲ್ಲ. ಐದನೆಯ ತಿಂಗಳಲ್ಲಿ ಮಗುವಿನೊಂದಿಗೆ ಗಂಡನ ಮನೆಗೆ ಮರಳಿದಾಗ ರಾತ್ರಿಯ ನಿದ್ದೆಗೇಡು, 26 ವಾರಗಳ ಹೆರಿಗೆ ರಜೆ ಮುಗಿಯುತ್ತಿರುವ ಆತಂಕ, ಕೈಗೆಟುಕುವಂತಿದ್ದ ಪತಿಯ ಸಿಗರೇಟು ಪ್ಯಾಕು ಎಲ್ಲವೂ ಸೇರಿ, ಅತ್ತೆಯ ಕಣ್ಣು ತಪ್ಪಿಸಿ ಸೇದುವುದು ಮತ್ತೆ ಶುರುವಾಗಿತ್ತು. "ನನ್ನ ಹಾಲೇ ವಿಷವಾಗಿದೆ ಮೇಡಂ, ಡಬ್ಬಿ ಹಾಲು ಕೊಟ್ಟುಬಿಡುತ್ತೇನೆ" ಎಂದು ಆಪ್ತಸಮಾಲೋಚಕಿಯಾದ ನನ್ನೆದುರು ಅತ್ತರು.

ನಾನು ಮೊದಲು ತಡೆದದ್ದು ಆ ನಿರ್ಧಾರವನ್ನು. ನಿಕೋಟಿನ್ ಎದೆಹಾಲಿಗೆ ಸೇರುವುದು ನಿಜ. ಆದರೆ ಸುಮಾರು ಎರಡು ಗಂಟೆಗಳಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ, ಮತ್ತು ಸಿಗರೇಟು ಬಿಡಲು ಹೆಣಗುತ್ತಿರುವ ತಾಯಿಯೂ ಹಾಲೂಡಿಸುವುದನ್ನು ಮುಂದುವರಿಸಬೇಕೆಂಬುದೇ ವೈದ್ಯರ ಸಲಹೆ. ತಡೆಯಲಾರದೆ ಸೇದಿದರೂ ಅದು ಹಾಲೂಡಿಸಿದ ನಂತರ, ಮನೆಯ ಹೊರಗೆ ಆಗಲಿ, ಮೇಲುಡುಪು ಬದಲಿಸಿ ಕೈ ಬಾಯಿ ತೊಳೆದ ಮೇಲಷ್ಟೇ ಮಗುವನ್ನು ಎತ್ತಿಕೊಳ್ಳಿ ಎಂದೆ. ತಂದೆತಾಯಿಯರಲ್ಲಿ ಯಾರೇ ಸೇದುತ್ತಿದ್ದರೂ, ನಿದ್ದೆಯಲ್ಲಿ ಶಿಶು ಹಠಾತ್ತಾಗಿ ಸಾಯುವ ಅಪಾಯ ಹೆಚ್ಚುವುದರಿಂದ, ಮಗುವನ್ನು ತಮ್ಮ ಹಾಸಿಗೆಯಲ್ಲಿ ಮಲಗಿಸದೆ ಅದೇ ಕೋಣೆಯ ತೊಟ್ಟಿಲಲ್ಲಿ ಮಲಗಿಸಬೇಕೆಂದೂ ತಿಳಿಸಿದೆ. ಸ್ನಾನದ ಬಳಿಕ ಕೊಡುವ ಸಾಂಬ್ರಾಣಿಯೂ ಹೊಗೆಯೇ. ಅದನ್ನೂ ಬಿಡಲು ಹೇಳಿದೆ.

ಬಸಿರಿನಲ್ಲಿ ಸಿಗರೇಟು ಬಿಟ್ಟವರನ್ನು ಎಲ್ಲರೂ ಮೆಚ್ಚುತ್ತಾರೆ, ಹೆರಿಗೆಯಾದ ಮೇಲೆ ವಿಚಾರಿಸುವವರೇ ಇರುವುದಿಲ್ಲ. ಇವರೂ ಅದನ್ನು ಒಂಬತ್ತು ತಿಂಗಳ ವ್ರತದಂತೆ ನಡೆಸಿದ್ದರು. ವ್ರತ ಮುಗಿದ ಮೇಲೆ ಏನು ಎಂಬುದನ್ನು ಯಾರೂ ಅವರೊಡನೆ ಮಾತಾಡಿರಲಿಲ್ಲ. ಆದ್ದರಿಂದ ಮುಂದಿನ ಭೇಟಿಗೆ ಪತಿಯನ್ನೂ ಕರೆಸಿದೆ. ಸಿಗರೇಟನ್ನು ಮನೆಯೊಳಗೆ ತರುವುದಿಲ್ಲ, ತಾವೂ ಬಿಡಲು ಯತ್ನಿಸುತ್ತೇವೆ, ನಡುರಾತ್ರಿ ಎದ್ದ ಮಗುವನ್ನು ಹಾಲೂಡಿಸಿದ ನಂತರ ತಾವೇ ಮಲಗಿಸುತ್ತೇವೆ ಎಂದು ಪತಿ ಒಪ್ಪಿದರು. ಮಗು ಮಲಗಿ ಮನೆ ನಿಶ್ಶಬ್ದವಾದಾಗಲೇ ಈ ತಾಯಿಗೆ ಸೇದುವ ಚಪಲ ಹೆಚ್ಚುತ್ತಿದ್ದುದರಿಂದ ಈ ಕೊನೆಯ ಮಾತು ನನಗೆ ಮುಖ್ಯವೆನಿಸಿತು. ಚಪಲ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಅಷ್ಟು ಹೊತ್ತು ನೀರು ಕುಡಿಯುತ್ತ, ಪತಿಯನ್ನು ಎಬ್ಬಿಸಿಯಾದರೂ ಮಾತಾಡುತ್ತ ಕಳೆಯಬೇಕೆಂದೆ. ನಿಕೋಟಿನ್ ಗಮ್ ಅನ್ನು ವೈದ್ಯರು ಸೂಚಿಸಿದರೆ ಮಾತ್ರ, ಅದೂ ಹಾಲೂಡಿಸಿದ ಕೂಡಲೇ ಬಳಸಬೇಕು. ಅಕಾರಣ ಅಳು, ಮಗುವಿನ ಮೇಲೂ ಮನಸ್ಸಿಲ್ಲದಿರುವುದು ಕಂಡದ್ದರಿಂದ, ಹೆರಿಗೆಯ ನಂತರದ ಖಿನ್ನತೆಯ ತಪಾಸಣೆಗಾಗಿ ಮನೋವೈದ್ಯರ ಬಳಿ ಕಳುಹಿಸಿದೆ. ನಾನು ಸಿಗದ ಹೊತ್ತಿಗೆ ಇರಲೆಂದು ತಂಬಾಕು ತ್ಯಜಿಸುವವರ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356 ಅನ್ನು ಬರೆದುಕೊಟ್ಟೆ.

ಕಚೇರಿಗೆ ಮರಳಿದ ವಾರ ಒಂದು ಸಿಗರೇಟು ಸೇದಿದ್ದನ್ನು ಅವರೇ ಕರೆಮಾಡಿ ತಿಳಿಸಿದರು. ಮುಚ್ಚಿಡದೆ ಹೇಳಿದ್ದಕ್ಕೆ ಮೆಚ್ಚಿ, ಹಳೆಯ ಗೆಳೆಯರು ಸೇದುತ್ತ ನಿಲ್ಲುವ ಚಹಾದಂಗಡಿಗೆ ಸದ್ಯ ಹೋಗದಿರಲು ಹೇಳಿದೆ. ಮಗುವಿಗೆ ವರ್ಷ ತುಂಬುವವರೆಗೂ ಭೇಟಿಗಳನ್ನು ಮುಂದುವರಿಸಲಿದ್ದೇವೆ.